ಕಿಟಕಿಯಿಂದ ಹಿಡಿದ ಸೀಟು

ನನ್ನ ಹಳೆಯ ಡೈರಿಯಲ್ಲಿ ಫೆಬ್ರವರಿ ಒಂಬತ್ತರ ಪುಟದಲ್ಲಿ "ಚೀಲ ಹೋಯಿತು, ಸಿಕ್ಕಿತು" ಎಂದಷ್ಟೇ ಇದೆ. ನಡುವೆ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ.

ಈ ವಯಸ್ಸಿನಲ್ಲಿ ಬೇಡವೆಂದು ಸೊಸೆ ಹೇಳಿದರೂ ಕೇಳದೆ, ಬೆನ್ನಿಗೆ ಚೀಲ ಹಾಕಿಕೊಂಡು ಲಾವೋಸ್ ದೇಶದಲ್ಲಿ ಒಬ್ಬಳೇ ತಿರುಗುತ್ತಿದ್ದೆ. ಅಲ್ಲಿನ ಭಾಷೆ ನನಗೆ ಒಂದಕ್ಷರವೂ ಬಾರದು. ಒಂದು ಸಣ್ಣ ಊರಿನಲ್ಲಿ ಬಸ್ಸು ಬಂತು. ಒಂದೇ ಸೀಟು ಖಾಲಿ. ಭದ್ರಾವತಿಯ ಕಾಗದನಗರದಿಂದ ದಿನಾ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದವಳು ನಾನು. ಯೋಚನೆಯೇ ಮಾಡದೆ ಕಿಟಕಿಯಿಂದ ಚೀಲ ಒಳಗೆ ತೂರಿಸಿ ಸೀಟು ಹಿಡಿದೆ. ಅಲ್ಲಿ ಹಾಗೆ ಯಾರೂ ಮಾಡುವುದಿಲ್ಲವಂತೆ. ಡ್ರೈವರು ಅದನ್ನು ಪಾರ್ಸೆಲ್ ಎಂದುಕೊಂಡು, ನಾನು ಬಾಗಿಲಿಗೆ ಬರುವಷ್ಟರಲ್ಲಿ ಹೊರಟೇಬಿಟ್ಟ. ಪಾಸ್‌ಪೋರ್ಟು ಅದರಲ್ಲೇ ಇತ್ತು.

"ಅಯ್ಯೋ, ನನ್ನ ಚೀಲ ಹೋಯ್ತು ಮಾರಾಯ್ತಿ!" ಎಂದು ಪಕ್ಕದ ನೂಡಲ್ಸ್ ಅಂಗಡಿಯವಳಿಗೆ ಕನ್ನಡದಲ್ಲೇ ಹೇಳಿದೆ. ಅವಳು ಸೌಟು ಕೆಳಗಿಟ್ಟು, ತನ್ನ ಭಾಷೆಯಲ್ಲಿ ನನ್ನನ್ನು ಚೆನ್ನಾಗಿ ಬೈದು, ಸ್ಕೂಟರ್ ತೆಗೆದಳು.

"ಆಮೇಲೆ ಬೈಯುವಿಯಂತೆ, ಬೇಗ ನಡಿ" ಎಂದು ಹಿಂದೆ ಕೂತೆ.

ದಾರಿಯುದ್ದಕ್ಕೂ ಅವಳು ಬೈಯುತ್ತಲೇ ಇದ್ದಳು. "ಇದನ್ನೆಲ್ಲ ನನ್ನ ಸೊಸೆಗೆ ಮಾತ್ರ ಹೇಳ್ಬೇಡ" ಎಂದು ನಾನೂ ಹೇಳುತ್ತಲೇ ಇದ್ದೆ.

ಮೂರನೆಯ ತಿರುವಿನಲ್ಲಿ ಬಸ್ಸು ಸಿಕ್ಕಿತು. ಒಳಗೆ ಇಬ್ಬರು ನಿಂತಿದ್ದರು. ನನ್ನ ಸೀಟಿನಲ್ಲಿ ಚೀಲ ಒಂದೇ ಕೂತಿತ್ತು. ನಮ್ಮ ಪದ್ಧತಿಯಲ್ಲಿ ದೋಷವೇನೂ ಇಲ್ಲ.

ಇನ್ನು ಖರ್ಚು. ಅಂಗಡಿಯವಳು ದುಡ್ಡು ಮುಟ್ಟಲಿಲ್ಲ. ಸ್ಕೂಟರ್ ಓಟದಲ್ಲಿ ನನ್ನ ಎಡಗಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಮುಂದಿನ ಊರಿನ ಅಂಗಡಿಯಲ್ಲಿ ಎಡಗಾಲಿನದೊಂದನ್ನೇ ಕೊಡುವಂತೆ ಕೈಸನ್ನೆಯಲ್ಲಿ ಕೇಳಿದೆ, ಒಪ್ಪಲಿಲ್ಲ. ಒಟ್ಟು ಒಂದು ಜೊತೆ ಚಪ್ಪಲಿ.