ಗಿಡ್ಡಪ್ಪನ ಮನೆಯೊಳಗೆ ಸಿಕ್ಕಿಬಿದ್ದ ಸ್ಟೀಮರು

ಚನ್ನಗಿರಿಯ ಬಸ್ ಕಂಡಕ್ಟರ್ ಪಂಚಾಕ್ಷರಪ್ಪ ಇಡೀ ಬೊಂಬಾಯಿಯನ್ನು ಎರಡು ದಿನಕ್ಕೆ ಅಳತೆ ಮಾಡಿ ಕತ್ತರಿಸಿ ಇಟ್ಟಿದ್ದ. ಸೋಮವಾರ ಒಂದು, ಮಂಗಳವಾರ ಒಂದು. ಬುಧವಾರ ಬೆಳಿಗ್ಗೆ ಗೋವಾಕ್ಕೆ ಹೋಗುವ ಸ್ಟೀಮರು. ಟಿಕೆಟ್ಟಿನ ಲೆಕ್ಕ ಬರೆಯುವ ಹಳೆಯ ವೇಬಿಲ್ಲಿನ ಬೆನ್ನಿಗೆ ಗೆರೆ ಹೊಡೆದು ಬಸ್ಸಿನ ಟೈಮು ಬರೆದ ಹಾಗೆಯೇ ಬರೆದಿದ್ದ: ಏಳೂವರೆಗೆ ಲಾಡ್ಜು ಬಿಡುವುದು, ಎಂಟೂ ಹತ್ತಕ್ಕೆ ಗೇಟ್‌ವೇ, ಒಂಬತ್ತೂವರೆಗೆ ಮ್ಯೂಸಿಯಂ, ಹನ್ನೆರಡಕ್ಕೆ ರಾಣಿಬಾಗಿನ ಮೃಗಾಲಯದ ಹುಲಿ, ಊಟಕ್ಕೆ ಅರ್ಧ ಗಂಟೆ. ಹುಲಿ ಮಲಗಿದ್ದರೆ ಕಾಯುವಂತಿಲ್ಲ.

ಇದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಬೇಸಿಗೆಯ ಮಾತು. ಜಗಳೂರು ಕಡೆಯ ಹಳ್ಳಿಯಲ್ಲಿ ಏಳನೇ ಇಯತ್ತೆ ಓದಿ, ಹದಿನೆಂಟಕ್ಕೆ ಖಾಸಗಿ ಬಸ್ಸಿನ ಕ್ಲೀನರ್ ಆಗಿ, ಮೀಸೆ ಬಲಿತ ಮೇಲೆ ಕಂಡಕ್ಟರ್ ಆದವನು ಪಂಚಾಕ್ಷರಪ್ಪ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಸವಳಂಗ. ಹೋಗುವುದು, ಬರುವುದು. ಇಪ್ಪತ್ತಾರು ವರ್ಷ ಇದೇ ದಾರಿಯಲ್ಲಿ ನಿಂತೇ ಪ್ರಯಾಣ ಮಾಡಿದ. ಹೊಲದ ಬದುವಿನಲ್ಲಿ ಒಬ್ಬ ಕೈ ಎತ್ತುತ್ತಾನೆ, ನಿಲ್ಲಿಸು. ಸೀರೆ ಸೆರಗು ಬೀಸುತ್ತಾ ಒಬ್ಬಳು ಓಡಿ ಬರುತ್ತಾಳೆ, ನಿಲ್ಲಿಸು. ಹತ್ತಿದ ಮೇಲೆ ಗಂಡ ಹಿಂದೆ ಬರುತ್ತಿದ್ದಾನೆ ಅನ್ನುತ್ತಾಳೆ, ಕಾಯಿ. ಈ ಜನ್ಮದಲ್ಲಿ ಒಂದು ಸಲವಾದರೂ ಯಾರೂ ಕೈ ಅಡ್ಡ ಹಾಕದ ಗಾಡಿಯಲ್ಲಿ ತಾನು ಸುಮ್ಮನೆ ಕುಳಿತು ಹೋಗಬೇಕು ಎಂಬ ಆಸೆ ಅವನ ಹೊಟ್ಟೆಯೊಳಗೆ ಬೇರು ಬಿಟ್ಟಿತ್ತು. ಸವಳಂಗದ ನಿವೃತ್ತ ಸಿಪಾಯಿಯೊಬ್ಬ, 'ಬೊಂಬಾಯಿಯಿಂದ ಗೋವಾಕ್ಕೆ ಸ್ಟೀಮರ್‌ನಾಗೆ ಹೋಗಿ ನೋಡ್ರಿ. ಒಂದು ಹಗಲು ಒಂದು ರಾತ್ರಿ ಬರೇ ನೀರು' ಎಂದ ದಿನದಿಂದ ಆ ಬೇರಿಗೆ ನೀರೂ ಸಿಕ್ಕಿತು.

ಬಸ್ಸಿನ ಮಾಲೀಕರು ಕೊಸರಾಡಿ ಕೊಸರಾಡಿ ಎಂಟು ದಿನ ರಜೆ ಕೊಟ್ಟಿದ್ದರು. 'ಇದೇ ಕೊನೆ ಕಣಯ್ಯ, ಮುಂದಿನ ವರ್ಷ ಕೇಳಬ್ಯಾಡ' ಎಂದೂ ಹೇಳಿದ್ದರು. ಮಳೆಗಾಲ ಹಿಡಿಯಿತೆಂದರೆ ಸ್ಟೀಮರು ನಿಂತುಹೋಗುತ್ತದೆ. ಮೇ ತಿಂಗಳ ಕೊನೆಯ ಆ ಬುಧವಾರ ತಪ್ಪಿದರೆ ತಪ್ಪಿದ ಹಾಗೆಯೇ.

ಒಬ್ಬನೇ ಹೋಗಿದ್ದರೆ ಸುಖವಾಗಿ ಹೋಗಿ ಬರುತ್ತಿದ್ದ. ಹೆಂಡತಿ ನಿರ್ಮಲಮ್ಮ ತಾನೂ ಬರುತ್ತೇನೆ ಎಂದಳು, ನ್ಯಾಯವೇ. ನಲ್ಲೂರಿನಲ್ಲಿದ್ದ ಅವಳ ತಮ್ಮ ಜಯದೇವಪ್ಪ ಅಡಿಕೆ ವ್ಯಾಪಾರದವನು, ಅವನ ಹೆಂಡತಿ ಕಲ್ಲಮ್ಮ. ಇಬ್ಬರೂ ಕರೆಯದೆಯೇ ಕೂಡಿಕೊಂಡರು. ಟಿಕೆಟ್ಟು ತೆಗೆಸಲು ಬೊಂಬಾಯಿಯಲ್ಲಿ ಪಂಚಾಕ್ಷರಪ್ಪನಿಗೆ ಬೇರೆ ಯಾರೂ ಗೊತ್ತಿರಲಿಲ್ಲ. ಕಲ್ಲಮ್ಮನ ತಂಗಿಯ ಮಗಳು ಬೊಂಬಾಯಿಯ ಹೊರಮೂಲೆಯ ಭಾಂಡೂಪಿನಲ್ಲಿದ್ದಳು. ಅವಳ ಗಂಡ ಕಾರ್ಖಾನೆಗೆ ಒಂದು ದಿನ ಚಕ್ಕರ್ ಹೊಡೆದು, ಸಾಲಿನಲ್ಲಿ ನಿಂತು, ನಾಲ್ಕು ಟಿಕೆಟ್ಟು ತೆಗೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ. ಅಲ್ಲಿಗೆ ಶುರುವಾಯಿತು.

'ಅಣ್ಣಾರೆ, ಸೋಮವಾರ ಭಾಂಡೂಪಿಗೆ ಹಾಕ್ಕಳ್ರಿ' ಎಂದಳು ಕಲ್ಲಮ್ಮ. 'ಟಿಕೇಟು ತೆಗೆಸಿಕೊಟ್ಟ ಮಗಳ ಮನೆಗೆ ಹೋಗದಿದ್ರೆ ಹೆಂಗೆ? ಮುಖ ಎಲ್ಲಿ ಇಟ್ಕಳಾನ?'

'ಸಂಜೆ ಒಂದು ಗಂಟೆ ಹೋಗಿ ಬರಾನ ಬಿಡಮ್ಮ.'

'ಒಂದು ಗಂಟೆ! ಹೋಳಿಗೆ ಮಾಡದೆ ಕಳಿಸ್ತಾಳಾ ಅವಳು? ಬೇಳೆ ಬೇಯಾಕೇ ಒಂದು ಗಂಟೆ ಬೇಕು.'

ಪಂಚಾಕ್ಷರಪ್ಪ ಮ್ಯೂಸಿಯಮ್ಮಿಗೆ ಅಡ್ಡಗೆರೆ ಎಳೆದ. ಜಯದೇವಪ್ಪ ಕಾಗದದ ಮೇಲೆ ಬಗ್ಗಿ ನೋಡಿ, 'ಭಾವ, ನಾನು ಅಡಿಕೆ ಕಳಿಸೋ ಸೇಟು ಮಸ್ಜಿದ್ ಬಂದರದಾಗೆ ಇದಾನೆ. ಹತ್ತು ವರ್ಷದಿಂದ ಬಾ ಬಾ ಅಂತಾನೆ. ಒಂದು ಮಧ್ಯಾಹ್ನ ಅವನಿಗೆ' ಎಂದ. ಹುಲಿಯೂ ಹೋಯಿತು. ನಿರ್ಮಲಮ್ಮ ಸುಮ್ಮನಿದ್ದಾಳಲ್ಲ ಎಂದು ಸಮಾಧಾನಪಡುವಷ್ಟರಲ್ಲಿ ಅವಳು ಮಹಾಲಕ್ಷ್ಮಿ ಗುಡಿ ಮತ್ತು ಸೀರೆ ಅಂಗಡಿ ಎಂದಳು. ಸೀರೆ ಅಂಗಡಿಗೆ ಎಷ್ಟು ಹೊತ್ತು ಬರೆಯಲಿ ಎಂದು ಕೇಳಿದರೆ, 'ಅದಕ್ಕೂ ಟೈಮು ಬರಿತಾರೇನ್ರೀ? ಸೀರೆ ಕಣ್ಣಿಗೆ ಬೀಳೋವರೆಗೆ' ಎಂದುಬಿಟ್ಟಳು.

ಮೂರು ವಾರದಲ್ಲಿ ಆ ಕಾಗದವನ್ನು ಐದು ಸಲ ಬರೆದ. ಐದನೆಯ ಸಲಕ್ಕೆ ಬೊಂಬಾಯಿಗೆ ನಾಲ್ಕು ದಿನ ಬೇಕಾಗಿತ್ತು, ಇದ್ದದ್ದು ಎರಡೇ. ಜಯದೇವಪ್ಪ ಎಲೆಗೆ ಸುಣ್ಣ ಸವರುತ್ತಾ ದಾರಿ ತೋರಿಸಿದ. 'ಸ್ಟೀಮರೇ ಬಿಟ್ಟುಬಿಡಾನ ಭಾವ. ಬೊಂಬಾಯಿ ಆರಾಮಾಗಿ ನೋಡ್ಕಂಡು ರೈಲಿನಾಗೆ ವಾಪಸ್ ಬರಾನ. ನೀರಿನ ಮ್ಯಾಲೆ ಏನೈತೆ ನೋಡಾಕೆ? ನಮ್ಮ ಸೂಳೆಕೆರೆ ನೋಡಿಲ್ವಾ?'

ಪಂಚಾಕ್ಷರಪ್ಪ ಕಾಗದ ಮಡಿಸಿ ಟಿಕೆಟ್ಟಿನ ಲಕೋಟೆಯೊಳಗೆ ತುರುಕಿದ. 'ಸೂಳೆಕೆರೆಯಾಗೆ ಆ ದಡ ಕಾಣ್ತದೆ' ಎಂದು ಎದ್ದು ಹೋದ. ಅಂದಿನಿಂದ ಲಕೋಟೆಯನ್ನು ಮೈಮೇಲಿನಿಂದ ಇಳಿಸಲಿಲ್ಲ. ಸ್ನಾನಕ್ಕೆ ಹೋದಾಗ ಮತ್ತು ಡ್ಯೂಟಿಗೆ ಹೋದಾಗ ಮಾತ್ರ ಟ್ರಂಕಿನೊಳಗೆ ಇಟ್ಟು ಹೋಗುತ್ತಿದ್ದ. ಬಸ್ಸಿನ ನೂಕುನುಗ್ಗಲಿನಲ್ಲಿ ಕಳೆದೀತೆಂಬ ಭಯ.

ಇನ್ನೊಂದು ತೊಡಕು ಹೊರಡುವ ದಿನದ್ದು. ಶನಿವಾರ ಹನ್ನೊಂದು ಗಂಟೆಯ ಬಸ್ಸಿಗೆ ದಾವಣಗೆರೆ, ಅಲ್ಲಿಂದ ರೈಲು, ಮೀರಜಿನಲ್ಲಿ ಗಾಡಿ ಬದಲಿಸಿ ಸೋಮವಾರ ಬೆಳಿಗ್ಗೆ ಬೊಂಬಾಯಿ. ಆ ಶನಿವಾರ ಅಮಾವಾಸ್ಯೆ.

'ಅಮಾಸೆ ದಿನ ನಾನು ಹೊಸ್ತಿಲು ದಾಟಾಕಿಲ್ಲ' ಎಂದಳು ಕಲ್ಲಮ್ಮ.

'ಹಂಗಾದ್ರೆ ಭಾನುವಾರ ಹೊರಟು ಮಂಗಳವಾರ ಮುಟ್ಟಾನ. ಭಾಂಡೂಪು ಬಿಡ್ರಿ.'

ಭಾಂಡೂಪು ಬಿಡುವುದೆಂದರೆ ಅಮಾವಾಸ್ಯೆಗಿಂತ ಕೆಟ್ಟದ್ದು. ಕೊನೆಗೆ ಹಿರಿಯರ ಕಾಲದ ಉಪಾಯವನ್ನು ಕಲ್ಲಮ್ಮನೇ ಹುಡುಕಿದಳು. ಪ್ರಸ್ಥಾನ ಇಡುವುದು. ಹೊರಡುವ ದಿನ ಕೆಟ್ಟದ್ದಾದರೆ ಅದಕ್ಕೆ ಮುಂಚಿನ ಒಳ್ಳೆಯ ದಿನವೇ ಒಂದು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುತ್ತಾರೆ. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆಯೇ. ಆಮೇಲೆ ಅದು ಮತ್ತೆ ಮನೆಗೆ ಬರಬಾರದು, ಹೋಗುವ ದಾರಿಯಲ್ಲಿ ಎತ್ತಿಕೊಂಡು ಹೋಗಬೇಕು. ಪಂಚಾಕ್ಷರಪ್ಪ 'ಏನಾದ್ರೂ ಮಾಡ್ಕಳ್ರಿ, ಶನಿವಾರ ಹನ್ನೊಂದಕ್ಕೆ ಬಸ್ ಸ್ಟ್ಯಾಂಡಿನಾಗೆ ಇರ್ರಿ' ಎಂದು ಕೈ ಮುಗಿದ. ಗಂಟು ಎಲ್ಲಿ ಇಡುತ್ತೀರಿ ಎಂದು ಕೇಳಲಿಲ್ಲ. ಕೇಳಬೇಕಾಗಿತ್ತು.

ರಜೆಗೆ ಮುಂಚಿನ ಗುರುವಾರ, ಶುಕ್ರವಾರ ಎರಡೂ ರಾತ್ರಿ ಬಸ್ಸಿನ ಜೊತೆ ಸವಳಂಗದಲ್ಲೇ ಉಳಿದಿದ್ದವನು ಶನಿವಾರ ಬೆಳಿಗ್ಗೆ ಎಂಟೂವರೆಗೆ ಮನೆಗೆ ಬಂದು ಟ್ರಂಕಿಗೆ ಕೈ ಹಾಕಿದರೆ ಲಕೋಟೆ ಇಲ್ಲ. ಪಂಚೆ, ಟವಲು, ಅಂಗಿ ಎಲ್ಲವನ್ನೂ ನೆಲಕ್ಕೆ ಸುರಿದ.

'ಏನು ಹುಡುಕ್ತಿದೀರಿ?' ನಿರ್ಮಲಮ್ಮ ಚಟ್ನಿಪುಡಿಯ ಡಬ್ಬಿಗೆ ಬಟ್ಟೆ ಕಟ್ಟುತ್ತಾ ಕೇಳಿದಳು.

'ಟಿಕೇಟು ಕಣೇ, ಟಿಕೇಟು!'

'ಅದು ಗಂಟಿನಾಗೈತೆ. ನಮ್ಮ ಮೂವರದ್ದೂ ಒಂದೊಂದು ಬಟ್ಟೆ ಇಟ್ವಿ. ನಿಮ್ಮದು ಅಂತ ಏನಾದ್ರೂ ಇಡಬೇಕಲ್ಲ? ಅಂಗಿ ಇಟ್ರೆ ಅದು ನೀವು ಹೋದಂಗೆ ಆಗಲ್ಲ, ಮೂರು ಹೊತ್ತೂ ಅಪ್ಪಿಕೊಂಡಿರೋದನ್ನೇ ಇಡಾನ ಅಂದಳು ಕಲ್ಲಮ್ಮ. ಗುರುವಾರ ನೀವು ಡ್ಯೂಟಿಗೆ ಹೋದಾಗ ಇಟ್ವಿ.'

'ಎಲ್ಲಿ ಇಟ್ರಿ?' ಎಂದ ಪಂಚಾಕ್ಷರಪ್ಪ. ಗಂಟು ಹಿಂದಿನ ಓಣಿಯ ಗಿಡ್ಡಪ್ಪನ ಮನೆಯಲ್ಲಿದೆ ಎಂದು ತಿಳಿದಾಗ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಗಿಡ್ಡಪ್ಪನ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ ಜೋತಾಡುತ್ತಿತ್ತು. ಎದುರು ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದ ಬೊಮ್ಮಕ್ಕ ಎಂಬ ಮುದುಕಿ ತಲೆ ಎತ್ತಿದಳು.

'ಯಾರನ್ನ ನೋಡ್ತೀಯಪ್ಪ? ಗಿಡ್ಡಪ್ಪ ಸಂಸಾರ ಸಮೇತ ಉಕ್ಕಡಗಾತ್ರಿಗೆ ದೇವರ ದರ್ಶನಕ್ಕೆ ಹೋದ. ಅಮಾಸೆ ಅಲ್ವಾ? ಬರೋದು ನಾಳೆ ಸಂಜೆಗೇ. ತಿಂಗಳು ತಿಂಗಳೂ ನೀನೇ ಟಿಕೇಟು ಹರಿದು ಕಳಿಸ್ತೀಯ, ನಿನಗೆ ಗೊತ್ತಿಲ್ವಾ?'

ಗೊತ್ತಿತ್ತು. ಹನ್ನೆರಡು ವರ್ಷದಿಂದ ಪ್ರತಿ ಅಮಾವಾಸ್ಯೆಗೂ ಗಿಡ್ಡಪ್ಪನ ಸಂಸಾರಕ್ಕೆ ಹೊನ್ನಾಳಿಯವರೆಗೆ ಟಿಕೆಟ್ಟು ಕೊಟ್ಟವನು ಅವನೇ. ಅಮಾವಾಸ್ಯೆಯಿಂದ ತಪ್ಪಿಸಿಕೊಳ್ಳಲು ಕಟ್ಟಿದ ಗಂಟನ್ನು, ಅಮಾವಾಸ್ಯೆ ಬಂತೆಂದರೆ ಬೀಗ ಹಾಕಿ ಹೋಗುವವನ ಮನೆಯಲ್ಲೇ ಇಟ್ಟಿದ್ದರು! ಇಡೀ ಚನ್ನಗಿರಿಯಲ್ಲಿ ಬೇರೆ ಮನೆ ಇರಲಿಲ್ಲವೇ?

ಅಷ್ಟರಲ್ಲಿ ನಿರ್ಮಲಮ್ಮನೂ, ಗುರುವಾರವೇ ನಲ್ಲೂರಿನಿಂದ ಬಂದು ಇವರ ಮನೆಯಲ್ಲಿ ಉಳಿದಿದ್ದ ಗಂಡಹೆಂಡಿರಿಬ್ಬರೂ ಬಂದರು. ಜಯದೇವಪ್ಪ ಬೀಗವನ್ನು ಎರಡು ಸಲ ಜಗ್ಗಿ ನೋಡಿದ. ಅವನ ಮುಖದಲ್ಲಿ ದುಃಖದ ಗುರುತೇ ಇರಲಿಲ್ಲ.

'ಹೋಗ್ಲಿ ಬಿಡು ಭಾವ. ದೇವರಿಗೇ ಬ್ಯಾಡವಾಗೈತೆ. ರೈಲಿಗೆ ಹೆಂಗೂ ದಾವಣಗೆರೆಯಾಗೆ ಟಿಕೇಟು ಸಿಗ್ತೈತೆ. ಬೊಂಬಾಯಿ ನೋಡ್ಕಂಡು ಬರಾನ.'

'ಭಾಂಡೂಪಿನಾಗೆ ಇನ್ನೂ ಎರಡು ದಿನ ಇರಬಹುದು' ಎಂದಳು ಕಲ್ಲಮ್ಮ, ಎಲ್ಲರಿಗೂ ಸಮಾಧಾನ ಹೇಳುವವಳ ಹಾಗೆ.

ಇವರಿಗೆ ಸ್ಟೀಮರು ಹೋದರೆ ಹೋಗುವುದು ಏನೂ ಇಲ್ಲ ಎಂದು ಪಂಚಾಕ್ಷರಪ್ಪನಿಗೆ ಆಗ ಅರ್ಥವಾಯಿತು. ಹೋಗುವುದೆಲ್ಲ ತನ್ನದೊಬ್ಬನದೇ. ಬಸ್ಸಿನಲ್ಲಿ ಎಷ್ಟು ಕೂಗಾಡಿದರೂ ಮನೆಯವರ ಮುಂದೆ ದನಿ ಏರಿಸದ ಮನುಷ್ಯ ಅಂದು ಓಣಿ ನಡುಗುವ ಹಾಗೆ ಕೂಗಿದ.

'ಇಪ್ಪತ್ತಾರು ವರ್ಷ ಊರೋರನ್ನೆಲ್ಲ ಅವರವರ ಊರಿಗೆ ಮುಟ್ಟಿಸೀನಿ ಕಣ್ರಲೇ! ನನ್ನನ್ನ ಒಂದು ಕಡೆ ಮುಟ್ಟಿಸಾಕೆ ನಿಮಗೆ ಆಗಲ್ವಾ? ಬೊಮ್ಮಕ್ಕ, ಏಣಿ ಐತಾ?'

'ಐತಪ್ಪ. ಮೂರನೇ ಮೆಟ್ಟಿಲು ಇಲ್ಲ.'

ಬೀಗ ಒಡೆದರೆ ಎರಡು ದಿನ ಮನೆ ಕಾಯುವವರು ಯಾರು? ಹಂಚನ್ನಾದರೆ ತೆಗೆದು ಮತ್ತೆ ಮುಚ್ಚಬಹುದು. ಪಂಚಾಕ್ಷರಪ್ಪ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದ. ಓಣಿಯ ಜನ ಸೇರಿತು. 'ಕಂಡಕ್ಟರೇ, ಟಾಪಿನ ಮ್ಯಾಲೆ ಹತ್ತಬಾರದು ಅಂತ ನಮಗೆ ಬೈತಿದ್ರಲ್ಲ' ಎಂದು ಒಬ್ಬ ಕೆಳಗಿನಿಂದ ಕೂಗಿದ. ಅವನಿಗೆ ಮುಂದಿನ ತಿಂಗಳು ಬಸ್ಸಿನಲ್ಲಿ ನೋಡಿಕೊಳ್ಳುತ್ತೇನೆ ಎಂದುಕೊಂಡು ಒಂದೊಂದೇ ಹಂಚು ಕಿತ್ತು ಪಕ್ಕಕ್ಕೆ ಜೋಡಿಸಿದ. ಎಂಟು ಹಂಚು ತೆಗೆದ ಮೇಲೆ ಹೊಟ್ಟೆ ತೂರಿತು. ಅಟ್ಟದ ಮೇಲೆ ಇಳಿದರೆ ಕಾಲು ನೇರ ಒಣಮೆಣಸಿನಕಾಯಿಯ ರಾಶಿಗೆ ಹೋಯಿತು. ಘಾಟು ಎದ್ದು ಸೀನಿದ, ಸೀನುತ್ತಲೇ ಕೆಳಗಿಳಿದ. ದೇವರ ಗೂಡಿನ ಮುಂದೆ ಕುಂಕುಮ ಹಚ್ಚಿಸಿಕೊಂಡು ಗಂಟು ಮಹಾರಾಜನ ಹಾಗೆ ಕೂತಿತ್ತು. ಬಿಚ್ಚಿ ನೋಡಿದ. ಬಟ್ಟೆಗಳ ಕೆಳಗೆ, ಅರಿಸಿನ ಬೆರೆಸಿದ ಅಕ್ಕಿಯಲ್ಲಿ ಹೂತು, ನಾಲ್ಕೂ ಟಿಕೆಟ್ಟು ಇದ್ದವು. ಹಳದಿ ಬಣ್ಣಕ್ಕೆ ತಿರುಗಿದ್ದರೂ ಅಕ್ಷರ ಅಳಿಸಿರಲಿಲ್ಲ.

ಸೊಂಟಕ್ಕೆ ಗಂಟು ಬಿಗಿದುಕೊಂಡು ಸೂರಿನ ಮೇಲೆ ತಲೆ ಹೊರಗೆ ಹಾಕಿದಾಗ ಗಂಟೆ ಹತ್ತು. ಹಂಚು ಮುಚ್ಚಿ ಇಳಿಯುವಷ್ಟರಲ್ಲಿ ಹತ್ತೂವರೆ. ಮೆಣಸಿನಕಾಯಿಯ ಕೈಯಿಂದ ಕಣ್ಣು ಒರೆಸಿಕೊಂಡಿದ್ದರಿಂದ ಕಣ್ಣೀರು ಧಾರೆಯಾಗಿ ಸುರಿಯುತ್ತಿತ್ತು.

'ಭಾವ, ಅಮಾಸೆ ದಿನ ಕನ್ನ ಹಾಕಿ ತಂದ ಗಂಟು' ಎಂದ ಜಯದೇವಪ್ಪ ಹಿಂದೆ ಸರಿಯುತ್ತಾ. 'ಇದನ್ನ ತಗಂಡು ಸಮುದ್ರಕ್ಕೆ ಇಳಿಯೋದು ನನಗೇನೋ ಸರಿ ಕಾಣಲ್ಲ.'

ಪಂಚಾಕ್ಷರಪ್ಪ ಎರಡು ಟಿಕೆಟ್ಟು ಬೇರೆ ಮಾಡಿ ಅವನ ಅಂಗಿಯ ಜೇಬಿಗೆ ತುರುಕಿದ. 'ಬಂದ್ರೆ ಬರ್ರಿ, ಬಿಟ್ರೆ ಬಿಡ್ರಿ. ನಾನು ಹೊರಟೆ.' ನಿರ್ಮಲಮ್ಮನ ಕಡೆಗೂ ತಿರುಗಿ ನೋಡಲಿಲ್ಲ. ನೋಡಿದರೆ ಅವಳೂ ತಮ್ಮನ ಪರ ಏನಾದರೂ ಅಂದುಬಿಟ್ಟಾಳು ಎಂಬ ಅಳುಕು.

ಚಟ್ನಿಪುಡಿಯ ಡಬ್ಬಿ, ರೊಟ್ಟಿಯ ಗಂಟು, ಟ್ರಂಕು ಎಲ್ಲವೂ ಮನೆಯಲ್ಲೇ ಉಳಿದಿತ್ತು. ನಿರ್ಮಲಮ್ಮ ಮನೆಯ ಕಡೆ ಓಡಿ, ಎಡಗೈಲಿ ಟ್ರಂಕು, ಬಲಗೈಲಿ ರೊಟ್ಟಿ ಹಿಡಿದು, ಅವನಿಗಿಂತ ಮುಂಚೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಚಟ್ನಿಪುಡಿ ಮರೆತಿದ್ದಳು. ಅದನ್ನು ಕಂಡು ಕಲ್ಲಮ್ಮ, 'ಅಯ್ಯೋ, ಅತ್ತಿಗೆ ಹೋದ್ರಲ್ರೀ! ಗಂಟು ಹೊಸ್ತಿಲು ದಾಟಿ ಬಂದಿಲ್ಲ, ಹಂಚು ದಾಟಿ ಬಂದೈತೆ, ದೋಷ ಇಲ್ಲ, ನಡೀರಿ' ಎಂದು ತಾನೇ ತೀರ್ಪು ಕೊಟ್ಟು ಗಂಡನ ರಟ್ಟೆ ಹಿಡಿದು ಎಳೆದಳು. ಬಸ್ಸು ಹೊರಡುವ ಹೊತ್ತಿಗೆ ನಾಲ್ವರೂ ಒಳಗಿದ್ದರು.

ಬೊಂಬಾಯಿಯ ಎರಡು ದಿನದ ಕಥೆ ಹೇಳುವುದಕ್ಕೇನೂ ಉಳಿದಿಲ್ಲ. ಅವೆರಡೂ ಭಾಂಡೂಪಿನ ಹತ್ತಡಿ ಕೋಣೆಯಲ್ಲಿ ಹೋಳಿಗೆಯ ಜೊತೆ ಕರಗಿಹೋದವು. ಪಂಚಾಕ್ಷರಪ್ಪ ಬುಧವಾರ ಬೆಳಕು ಹರಿಯುವ ಮೊದಲೇ ಎದ್ದು, ಮೂವರನ್ನೂ ಎಬ್ಬಿಸಿ, ಸ್ಟೀಮರು ನಿಲ್ಲುವ ಧಕ್ಕೆಗೆ ಎರಡು ಗಂಟೆ ಮುಂಚಿತವಾಗಿ ತಂದು ನಿಲ್ಲಿಸಿದ. ಟಿಕೆಟ್ಟು ನೋಡುವವನು ಹಳದಿ ಕಾಗದವನ್ನು ಮೂಸಿ ನೋಡಿ, ಅವನ ಮುಖ ನೋಡಿ, ಒಳಗೆ ಬಿಟ್ಟ.

ಸ್ಟೀಮರು ಹೊರಟಿತು. ಸ್ವಲ್ಪ ಹೊತ್ತಿಗೆ ಜಯದೇವಪ್ಪನಿಗೆ ತಲೆ ತಿರುಗಿತು. 'ಅಣ್ಣಾರೆ, ನಿಂಬೆಹಣ್ಣು ಎಲ್ಲಾದ್ರೂ ಸಿಗ್ತೈತಾ ನೋಡ್ರಿ, ಇವರು ಒಂಥರಾ ಆಡ್ತಿದಾರೆ' ಎಂದು ಕಲ್ಲಮ್ಮ ಕೂಗಿದಳು. ಪಂಚಾಕ್ಷರಪ್ಪನಿಗೆ ಕೇಳಿಸಿತು. ಅವನು ಕಂಬಿಗೆ ಎರಡೂ ಕೈ ಕೊಟ್ಟು ಹಿಂದೆ ಸರಿಯುತ್ತಿದ್ದ ಊರನ್ನು ನೋಡುತ್ತಿದ್ದ. ಅವಳು ಇನ್ನೊಮ್ಮೆ ಕೂಗಿದಳು. ಇನ್ನೂ ಒಮ್ಮೆ ಕೂಗಿದಳು. ದಡ ಗೆರೆಯಾಯಿತು, ಆಮೇಲೆ ಅದೂ ಹೋಗಿ ಎಲ್ಲಿ ನೋಡಿದರೂ ನೀರೇ ಆಯಿತು. ಆಗ ನಿಂಬೆಹಣ್ಣು ಹುಡುಕಿಕೊಂಡು ಹೋದ.