ಮಾಮಾನ ಕಣ್ಣು, ಅಜ್ಜಿಯ ಹೆಪ್ಪು

ಅಕ್ಷರ ಬದಲಾಗಿತ್ತು! ಲ್ಯಾಬಿನ ಕಂಪ್ಯೂಟರ್ ನೋಡಿ ನಾನು ಕಿರುಚಿದ ರಭಸಕ್ಕೆ ಪಕ್ಕದವಳ ಚಹಾ ಚೆಲ್ಲಿತು. ಬೈಲಹೊಂಗಲದವರ ಗಂಟಲು ಸಣ್ಣದಲ್ಲ ಬಿಡಿ.

ನಮ್ಮ ಜೀವಕೋಶಗಳೊಳಗೆ ಶಕ್ತಿ ತಯಾರಿಸುವ ಪುಟ್ಟ ಒಲೆಗಳಿವೆ, ಮೈಟೊಕಾಂಡ್ರಿಯಾ ಅಂತ. ಅವಕ್ಕೆ ತಮ್ಮದೇ ಆದ ಚೂರು ಡಿಎನ್‌ಎ ಇದೆ, ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹದಂತೆ. ಅದನ್ನು ತಿದ್ದಲು ಎಲ್ಲರೂ ಹೊಗಳುವ ಜೀನ್ ಕತ್ತರಿ ನಡೆಯುವುದಿಲ್ಲ. ಅದಕ್ಕೆ ದಾರಿ ತೋರಿಸುವ ಆರ್‌ಎನ್‌ಎ ಒಳಗೆ ಹೋಗಲೊಲ್ಲದು, ಕತ್ತರಿಸಿದ ಡಿಎನ್‌ಎಯೂ ಉಳಿಯುವುದಿಲ್ಲ. ನಾವು ಬರೀ ಪ್ರೋಟೀನಿನಿಂದ ಮಾಡಿದ ಸಾಧನ ಕಳಿಸಿ, ಕತ್ತರಿಸದೆಯೇ ಒಂದೇ ಒಂದು ಅಕ್ಷರ ತಿದ್ದಿದ್ದೆವು. ಒಂದೊಂದು ಕೋಶದಲ್ಲೂ ಆ ಡಿಎನ್‌ಎಯ ನೂರಾರು ಪ್ರತಿಗಳಿರುತ್ತವೆ; ಎಲ್ಲದರಲ್ಲಿ ಅಲ್ಲ, ಕೆಲವುಗಳಲ್ಲಿ. ಆದರೂ ಆಯಿತಲ್ಲ! ರಾಮದುರ್ಗದ ನನ್ನ ಸೋದರಮಾವನ ಕಣ್ಣನ್ನು ಹರೆಯದಲ್ಲೇ ಕಿತ್ತುಕೊಂಡದ್ದು ಅದೇ ಅಕ್ಷರ.

ರವಿವಾರ ಮಾಮಾನ ಮನೆಗೆ ಹೊರಟೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿಗೂ ಇದನ್ನೇ ಕೊರೆದೆ. ಆಕೆ ಸವದತ್ತಿಯಲ್ಲಿ ಇಳಿದಳು. ಅಲ್ಲೇ ಇಳಿಯುವವಳೋ, ನನ್ನ ಕಾಟಕ್ಕೋ, ದೇವರೇ ಬಲ್ಲ.

ಅಂದು ಮಾಮಾನ ಮಗಳನ್ನು ನೋಡಲು ಕಿತ್ತೂರಿನವರು ಬಂದಿದ್ದರು. ಹುಡುಗ, ಹುಡುಗಿ ಮೊದಲೇ ಒಪ್ಪಿದ್ದರು. ಉಪ್ಪಿಟ್ಟು, ಶಿರಾ ಮುಗಿದ ಮೇಲೆ ಹುಡುಗನ ತಾಯಿ ಮೆಲ್ಲಗೆ ಬಾಯಿಬಿಟ್ಟರು.

"ಹುಡುಗಿ ಬಂಗಾರದಂಥಾಕಿ ಅದಾಳ್ರಿ. ಆದ್ರ ಅಪ್ಪಗ ಕಣ್ಣಿಲ್ಲ. ನಾಳೆ ಮೊಮ್ಮಕ್ಕಳಿಗೂ ಹಂಗ ಆದ್ರ?"

ಮಾಮಾ ತಲೆ ತಗ್ಗಿಸಿದರು. ಹಿಂದಿನ ಸಂಬಂಧವೂ ಇದೇ ಮಾತಿಗೆ ಮುರಿದಿತ್ತು. ನನಗೋ ಸಿಟ್ಟು ಮೂಗಿನ ಮೇಲೆ.

"ಒಂದ್ ನಿಮಿಷ ನಿಂದರ್ರಿ!" ಎಂದೆ. "ಹೆಪ್ಪು ಹಾಕಿ ಮಸರು ಮಾಡತೀರಿ, ಹೌದಿಲ್ಲೋ? ಈ ಕಣ್ಣಿನ ರೋಗಾನೂ ಹೆಪ್ಪಿನಂಗರೀ. ತಾಯಿ ಕಡೆಯಿಂದ ಅಷ್ಟ ಬರತೈತಿ. ಅಪ್ಪ ಮಕ್ಕಳಿಗೆ ಕೊಡಾಕ ಬರೂದಿಲ್ಲ. ಮಾಮಾಗ ನಮ್ಮಜ್ಜಿದು ಬಂತು, ಮಾಮಾನ ಹಂತೇಲೆ ಮುಗೀತು. ಈಕಿ ಹೆಪ್ಪು ಈಕಿ ಅವ್ವಂದು, ಆಕಿ ತವರು ಕಟಕೋಳದ್ದು!"

ಅಡಿಗೆಮನೆಯಿಂದ ಅತ್ತೆ ಕೂಗಿದರು: "ನಮ್ಮ ತವರಾಗ ಮುದುಕ್ಯಾರೂ ಸೂಜಿಗೆ ದಾರ ಪೋಣಸ್ತಾರ್ರೀ!"

ಎಲ್ಲರೂ ನಕ್ಕರು. ಹುಡುಗನ ತಾಯಿ ಇನ್ನೂ ನಾಲ್ಕು ಪ್ರಶ್ನೆ ಕೇಳಿ, ಕೊನೆಗೆ "ಹಂಗಾರ ಎಲಿ ಅಡಿಕಿ ತರ್ರಿ" ಎಂದರು. ನಾನು ಹೆಚ್ಚುಕಡಿಮೆ ಕುಣಿದೇಬಿಟ್ಟೆ. ಒಳಗೆ ಮಾಮಾನ ಮಗಳು ಅಳುತ್ತ ನಗುತ್ತಿದ್ದಳು.

ಮಾಮಾ ಮಾತ್ರ ನಗಲಿಲ್ಲ. ತಡವರಿಸಿ ನನ್ನ ಕೈ ಹಿಡಿದರು.

"ನೀ ನಮ್ಮಕ್ಕನ ಮಗಳಲ್ಲೇನ?"

"ಹೌದ್ರಿ ಮಾಮಾ."

"ಅಂದ್ರ ಅವ್ವನ ಹೆಪ್ಪು ನಿನ್ನೊಳಗೂ..."

"ಐತ್ರಿ. ಇದ್ದವರದೆಲ್ಲಾ ಕಣ್ಣು ಹೋಗೂದಿಲ್ಲ. ಲ್ಯಾಬಿನ್ಯಾಗ ನಾವು ತಿದ್ದಿದ್ದು ನನ್ನ ಜೀವಕೋಶನ."

ಅವರ ಹಿಡಿತ ಬಿಗಿಯಾಯಿತು. "ಮತ್ತ ನಿನ್ನೊಳಗ ಯಾವಾಗ ತಿದ್ದತೀರಿ?"

"ಅದು ಇನ್ನೂ ಬಾಳ ದೂರ ಐತ್ರಿ. ಸದ್ಯಕ್ಕ ಲ್ಯಾಬಿನ ಗಾಜಿನ ತಟ್ಟಿಯೊಳಗ ಅಷ್ಟ."

ಮಾಮಾ ಥಟ್ಟನೆ ನನ್ನ ಕೈಬಿಟ್ಟು ಬಾಗಿಲ ಕಡೆಗೆ ನೂಕಿದರು.

"ಮತ್ತ ಇಲ್ಲೇನ ಮಾಡಾಕ ಹತ್ತೀ? ಎಲಿ ಅಡಿಕಿ ನಾವು ಹಂಚತೇವಿ. ನೀ ಲ್ಯಾಬಿಗೆ ಬಸ್ ಹತ್ತು!"