ಅಪ್ಪನ ಬಂದೂಕಿನ ಬೆಲೆ

ನಮ್ಮ ಶಾಲೆಯ ಬೆಂಚುಗಳಿಗೆ ಈ ವಾರ ವಾರ್ನಿಷ್ ಹೊಡೆಯುತ್ತಿದ್ದಾರೆ. ಮುದ್ದೇಬಿಹಾಳದ ಬಿಸಿಲಿಗೆ ಆ ವಾಸನೆ ಇನ್ನಷ್ಟು ಗಾಢವಾಗಿ ಸ್ಟಾಫ್ ರೂಮಿನೊಳಗೂ ನುಗ್ಗುತ್ತದೆ. ಉಳಿದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತರೆ ನಾನು ಎದ್ದು ಹೊರಗೆ ಹೋಗುತ್ತೇನೆ. ನನಗೆ ತಲೆನೋವು ಎಂದು ಅವರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಆ ವಾಸನೆ ಬಂದರೆ ನನಗೆ ಅಲ್ಲಿ ಕೂರಲಾಗದು. ಯಾಕೆಂದು ನಿಮಗೆ ಹೇಳುತ್ತೇನೆ.

ನನ್ನ ಅಪ್ಪನ ಹತ್ತಿರ ಒಂದು ಬಂದೂಕಿತ್ತು. ಅಪ್ಪ ಸೈನಿಕನಲ್ಲ, ಮೋರಟಗಿಯಲ್ಲಿ ಹೊಲ ಮಾಡಿಕೊಂಡಿದ್ದವನು. ಬಂದೂಕು ಮಾತ್ರ ಸೈನ್ಯದ್ದು. ಹಳೆಯದಾದ ಮೇಲೆ ಅದರ ನಳಿಗೆ ಬದಲಾಯಿಸಿ ಕಾವಲುಗಾರರ ಕೈಗೆ ಕೊಟ್ಟಿದ್ದರಂತೆ. ಅಲ್ಲಿಯೂ ಬೇಡವಾದಾಗ ಹೊರಗೆ ಮಾರಿದ್ದರು. ಕಬ್ಬಿಗೆ ಹಂದಿ ನುಗ್ಗುತ್ತವೆಂದು ಅಪ್ಪ ಲೈಸೆನ್ಸ್ ಮಾಡಿಸಿ ಅದನ್ನು ಕೊಂಡ. ಹಾರಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಭುಜಕ್ಕೆ ಆನಿಸುವ ಕಟ್ಟಿಗೆಯ ತುದಿಯಲ್ಲಿ ಒಂದು ಹಿತ್ತಾಳೆ ಮುಚ್ಚಳವಿತ್ತು. ಅದನ್ನು ತೆಗೆದರೆ ಒಳಗೆ ಬೆರಳುದ್ದದ ಎಣ್ಣೆ ಶೀಸೆ, ನಳಿಗೆ ಒರೆಸುವ ದಾರ. ಅಪ್ಪ ಒರೆಸಲು ಕೂತಾಗ ಶೀಸೆ ಹಿಡಿಯುವುದು ನನ್ನ ಕೆಲಸ, ದಾರ ಹಿಡಿಯುವುದು ಅಣ್ಣನ ಕೆಲಸ. ಅದಲುಬದಲಾದರೆ ಜಗಳವೇ ಆಗುತ್ತಿತ್ತು.

ಆ ಜಗಳ ನಾವು ಐವತ್ತು ದಾಟಿದ ಮೇಲೂ ನಿಲ್ಲಲಿಲ್ಲ ನೋಡಿ. ಅಪ್ಪನಿಗೆ ಒಂದು ಮುಂಜಾನೆ ಲಕ್ವಾ ಹೊಡೆದು ಮಾತು ನಿಂತಿತು. ಹದಿನೈದೇ ದಿನಕ್ಕೆ ಹೋಗಿಬಿಟ್ಟ. ಬಂದೂಕನ್ನು ಆಗಲೇ ಠಾಣೆಗೆ ಒಪ್ಪಿಸಬೇಕಿತ್ತು. ನಾವು ಇವತ್ತು, ನಾಳೆ ಎಂದು ಕೂತೆವು. ಅಷ್ಟರಲ್ಲಿ ಸಿಂದಗಿಯಲ್ಲಿ ಯಾರೋ ಅಣ್ಣನ ಕಿವಿಯೂದಿದರು: ಸೈನ್ಯದ ಮುದ್ರೆಯಿರುವ ಹಳೆಯ ಬಂದೂಕು ಲಕ್ಷಗಟ್ಟಲೆ ಬಾಳುತ್ತದೆ, ಅಂಥದ್ದನ್ನು ಹುಡುಕಿಕೊಂಡು ಬರುವವರಿದ್ದಾರೆ ಎಂದು.

“ಮಾರೂಣು,” ಅಂದ ಅಣ್ಣ.

“ಅಪ್ಪನ ನೆನಪಿಗೆ ಅದೊಂದs ಉಳದೈತಿ. ನನ್ನ ಹೆಸರಿಗೆ ಲಾಯಸನ್ಸ ಮಾಡಸ್ತೇನಿ,” ಅಂದೆ ನಾನು.

“ಸಾಲಿ ಕಲಸೋ ಹೆಣ್ಮಗಳಿಗೆ ಬಂದೂಕ ಯಾಕ ಬೇಕು?”

ಆ ಒಂದು ಮಾತು ಸಾಕಾಯಿತು. ಅಪ್ಪನ ನೆನಪಿಗಿಂತ ಅಣ್ಣನ ಮೇಲಿನ ಹಟಕ್ಕೇ ಬಂದೂಕು ನನಗೆ ಬೇಕೆನಿಸಿತು. ಲಕ್ಷದ ಮಾತು ನನ್ನ ತಲೆಯಲ್ಲೂ ಸುಳಿಯುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಹಾಗಂದಿದ್ದರೆ ಅವರ ಮನೆಯ ಹೊಸ್ತಿಲು ಮತ್ತೆ ತುಳಿಯುತ್ತಿರಲಿಲ್ಲ.

ದಸರೆಯ ಖಂಡೆ ಪೂಜೆಗೆ ಕುಡುಗೋಲು, ನೇಗಿಲಿನ ಜೊತೆ ಬಂದೂಕನ್ನೂ ಇಡುವುದು ಅಪ್ಪನ ರೂಢಿ. ಆ ವರ್ಷ ಹಿಂದಿನ ದಿನವೇ ಮೋರಟಗಿಗೆ ಹೋದೆ. ನನ್ನ ಹಕ್ಕು ತೋರಿಸಬೇಕಲ್ಲ! ಒಂದು ಡಬ್ಬಿ ವಾರ್ನಿಷ್ ಕೊಂಡು ಹೋಗಿದ್ದೆ. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ನಳಿಗೆಯ ಬಾಯಿಯನ್ನು ಹೊಟ್ಟೆಗೇ ಆನಿಸಿಕೊಂಡು, ಕಟ್ಟಿಗೆಯನ್ನೆಲ್ಲ ಮರಳುಕಾಗದದಿಂದ ತಿಕ್ಕಿ ಎರಡು ಸಲ ಬಳಿದೆ. ಕನ್ನಡಿಯ ಹಾಗೆ ಹೊಳೆಯಿತು. ಮರುದಿನ ಪೂಜೆಯಾದ ಮೇಲೆ ನನ್ನ ಮಗಳು ಅನು ಅದನ್ನು ಎತ್ತಿಕೊಂಡು, “ಮಾಮಾ, ಫೋಟೋಕ್ಕ ನಿಲ್ರಿ,” ಎಂದು ಅಣ್ಣನ ಎದೆಗೆ ಗುರಿ ಹಿಡಿದಳು. ಆಗ ಅವಳು ಪಿಯುಸಿ ಓದುತ್ತಿದ್ದಳು. ಅಣ್ಣ ಎರಡೂ ಕೈ ಮೇಲೆತ್ತಿ ನಕ್ಕ. ಫೋನು ನನ್ನ ಕೈಯಲ್ಲಿತ್ತು. ಅವಳು ಟ್ರಿಗರ್ ಒತ್ತಿದಳು. ಟಕ್ ಎಂದಿತು. ಎಲ್ಲರೂ ನಕ್ಕೆವು.

ಹಬ್ಬ ಮುಗಿದ ಮೇಲೆ ಜಗಳ ಮತ್ತೆ ಶುರುವಾಯಿತು. ನಾವು ಮಾತು ಬಿಟ್ಟಿದ್ದೂ ಆಯಿತು. ಕೊನೆಗೆ ಅತ್ತಿಗೆಯೇ, “ಮೊದಲ ಅದಕ್ಕ ಎಷ್ಟ ಬೆಲಿ ಐತಿ ತಿಳಕೊಳ್ರಿ, ಆಮ್ಯಾಲ ಹೊಡದಾಡ್ರಿ,” ಎಂದು ಗದರಿಸಿದಳು. ಬೆಲೆ ಹೇಳಬಲ್ಲ ಒಬ್ಬರು ನನಗೆ ಗೊತ್ತಿದ್ದರು. ಮುದ್ದೇಬಿಹಾಳದಲ್ಲಿ ನಮ್ಮ ಓಣಿಯ ದಸ್ತಗೀರಸಾಹೇಬರು. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾಗಿ ಬಂದು, ಪರವಾನಗಿ ಪಡೆದು ಮನೆಯ ಮುಂದಿನ ಕೋಣೆಯಲ್ಲಿ ಅದೇ ಕೆಲಸ ಮಾಡುತ್ತಿದ್ದರು. ಇಂಡಿ, ಬಾಗೇವಾಡಿ ಕಡೆಯಿಂದಲೂ ಜನ ಹಳೆಯ ಬಂದೂಕು, ದುರ್ಬೀನು, ಚರ್ಮದ ಪಟ್ಟಿ ತಂದು ಬೆಲೆ ಕೇಳುತ್ತಿದ್ದರು. ಠಾಣೆಯಿಂದ ಚೀಟಿ ಬರೆಸಿಕೊಂಡು ಅಣ್ಣ ಜೀಪಿನಲ್ಲಿ ಬಂದೂಕು ತಂದ. ನನ್ನ ಮನೆಗೆ ಬರದೆ ನೇರವಾಗಿ ಸಾಹೇಬರ ಬಾಗಿಲಿಗೇ ಹೋಗಿ ನಿಂತಿದ್ದ.

“ಬರ್ರಿ ಅಕ್ಕೋರ, ಕೂಡ್ರಿ,” ಎಂದರು ಸಾಹೇಬರು. ಅಣ್ಣ ಬಂದೂಕು ಕೊಡುತ್ತಲೇ ಸೈನ್ಯದ ಮುದ್ರೆ ತೋರಿಸಹೋದ. ಅವರು ಕೈ ಅಡ್ಡ ಹಿಡಿದರು.

“ತಡೀರಿ. ಮೊದಲ ಅದರ ಹೊಟ್ಟಿ ಖಾಲಿ ಐತಿಲ್ಲೋ ನೋಡಬೇಕ್ರಿ. ಬೆಲಿ ಆಮ್ಯಾಲ.”

“ಖಾಲಿನs ಐತ್ರಿ. ಆರ ತಿಂಗಳಾತು ಯಾರೂ ಹಾರಿಸಿಲ್ಲ,” ಎಂದ ಅಣ್ಣ.

ಸಾಹೇಬರು ಮೂಲೆಯಲ್ಲಿದ್ದ ಮರಳಿನ ಡಬ್ಬಿಯತ್ತ ನಳಿಗೆ ತಿರುಗಿಸಿ ಬೋಲ್ಟ್ ಹಿಂದಕ್ಕೆ ಎಳೆದರು. ಒಂದು ತೋಟಾ ಹೊರಗೆ ಜಿಗಿದು ನೆಲದ ಮೇಲೆ ಉರುಳುತ್ತ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು.

ಸಾಹೇಬರು ಬಗ್ಗಿ ಅದನ್ನೆತ್ತಿಕೊಂಡು, ಭೂತಗನ್ನಡಿ ಹಿಡಿದು ಅದರ ಹಿಂಭಾಗ ನೋಡಿದರು. ಮತ್ತೆ ನಮ್ಮಿಬ್ಬರ ಮುಖ ನೋಡಿದರು.

“ಇದಕ್ಕ ಒಳಗಿನ ಪಿನ್ನ ಬಡದ ಗುರುತ ಐತಿ, ಸಿಡಿದಿಲ್ಲ ಅಷ್ಟs. ಯಾರರ ಟ್ರಿಗರ್ ಒತ್ತ್ಯಾರೇನ್ರಿ?”

ನನಗೆ ಆ ಟಕ್ ಎಂಬ ಸದ್ದು ಕೇಳಿಸಿತು. ಅಣ್ಣನಿಗೂ ಕೇಳಿಸಿರಬೇಕು. ಅವನ ಬಲಗೈ ತಾನಾಗಿ ಎದೆಯ ಮೇಲೆ ಹೋಗಿತ್ತು. ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವನೇ ಹೇಳಿದ: “ಲಕ್ವಾ ಹೊಡಿಯೋ ಹಿಂದಿನ ದಿನ ಹಂದಿ ಬಂದಾವಂತ ಅಪ್ಪ ಹೊಲಕ್ಕ ಒಯ್ದಿದ್ದ. ಆಗ ತುಂಬಿರಬೇಕು. ಹೇಳಾಕ ಅವಗ ಮಾತ ಎಲ್ಲಿತ್ತು?”

ಆಸ್ಪತ್ರೆಯಲ್ಲಿ ಅಪ್ಪ ಎಡಗೈಯನ್ನು ಪದೇಪದೇ ಎತ್ತಿ ಗೋಡೆಯ ಕಡೆ ತೋರಿಸುತ್ತಿದ್ದ. ಕ್ಯಾಲೆಂಡರು ಕೇಳುತ್ತಿದ್ದಾನೆಂದು ನಾವು ತಾರೀಖು ಹೇಳುತ್ತಿದ್ದೆವು. ಮನೆಯಲ್ಲಿ ಬಂದೂಕು ತೂಗುಹಾಕುತ್ತಿದ್ದದ್ದು ಗೋಡೆಗೆ. ಅದನ್ನು ಅಣ್ಣನಿಗೆ ಹೇಳಿದೆ. ಇಬ್ಬರೂ ಅತ್ತೆವು. ಅಪ್ಪ ಸತ್ತಾಗಲೂ ಹೀಗೆ ಒಂದೇ ಕಡೆ ಕೂತು ಅತ್ತಿರಲಿಲ್ಲ.

ಸಾಹೇಬರು ನೀರು ತಂದುಕೊಟ್ಟರು. “ಬಂದ ಕೆಲಸ ಮುಗಸೂಣ ಬರ್ರಿ,” ಎಂದು ಒಳಗೆ ಕರೆದು, ಏನೂ ಆಗಿಲ್ಲವೆಂಬಂತೆ ಬೆಲೆ ಕಟ್ಟಲು ಕೂತರು. ಆ ಹೊತ್ತಿನಲ್ಲಿ ನಮಗೆ ಬೇಕಾಗಿದ್ದದ್ದು ಅದೇ.

“ಮುದ್ರಿ ಖರೇ ಐತಿ, ಸೈನ್ಯದ್ದs. ಆದ್ರ ಮುದ್ರಿ ಒಂದಕ್ಕs ಬೆಲಿ ಇಲ್ರಿ. ಬಂದೂಕಿನ ಮೈಮ್ಯಾಲಿನ ನಂಬರು, ಬೋಲ್ಟಿನ ನಂಬರು ಒಂದs ಇರಬೇಕು. ಇಲ್ಲಿ ಬ್ಯಾರೆ ಬ್ಯಾರೆ ಅದಾವ. ಯಾವಾಗೋ ಮತ್ತೊಂದು ಬಂದೂಕಿನ ಬೋಲ್ಟ ತಂದ ಹಾಕ್ಯಾರ. ತೋಟಾಕ್ಕ ಬಡಿಯೋ ಅದರ ಪಿನ್ನೂ ಸವದೈತಿ, ಅದಕ್ಕs ಸಿಡಿದಿಲ್ಲ. ಪಟ್ಟಿ ಹೊಸಾದು. ಎಣ್ಣಿ ಶೀಸೆ, ದಾರ ಮಾತ್ರ ಅಸಲಿ ಅದಾವ, ಅವನ್ನ ಕೇಳವರು ಅದಾರ. ಮತ್ತ ಈ ಕಟ್ಟಿಗಿ…” ಎಂದು ನನ್ನ ವಾರ್ನಿಷ್ ಮೇಲೆ ಉಗುರು ಎಳೆದರು. “ಯಾವ ಪುಣ್ಯಾತ್ಮ ಬಳದಾನ್ರಿ ಇದನ್ನ? ಹಳೇ ಬಣ್ಣ ಹಂಗs ಇದ್ದಿದ್ರ ಛಲೋ ಬರ್ತಿತ್ತು.”

ಅಣ್ಣ ನನ್ನ ಕಡೆ ನೋಡಿದ. ಅಂಥ ಹೊತ್ತಿನಲ್ಲೂ ಅವನ ಮೀಸೆಯಡಿ ನಗು ಸುಳಿಯಿತು. ಪುಣ್ಯಾತ್ಮ ಬಾಯಿ ಬಿಡಲಿಲ್ಲ.

“ಸಿಂದಗ್ಯಾಗ ಲಕ್ಷಗಟ್ಟಲೆ ಅಂದಿದ್ರು,” ಎಂದ ಅಣ್ಣ, ಯಾರದೋ ಮಾತು ಹೇಳುವವನಂತೆ.

“ಮಾರಾವ ಹೇಳಿದ್ದು ಬೆಲಿ ಅಲ್ರಿ. ಲಾಯಸನ್ಸ ಇದ್ದಾಂವ ಕೈಯಾರೆ ಕೊಟ್ಟದ್ದು ಬೆಲಿ. ಇಂಥಾವು ಮೂರು ನನ್ನ ಕಣ್ಮುಂದ ಮಾರ್ಯಾವ. ಒಂದಕ್ಕೂ ಒಂದು ಛಲೋ ಎಮ್ಮಿ ರೊಕ್ಕ ಬಂದಿಲ್ಲ. ಈ ಸವದ ಪಿನ್ನಿಗೆ ನಿಮ್ಮದು ಇನ್ನೂ ಇಳೀತೈತಿ.”

“ಇಳೀಲ್ರಿ ಸಾಹೇಬ್ರ,” ಎಂದ ಅಣ್ಣ. “ಆ ಪಿನ್ನ ಛಲೋ ಇದ್ದಿದ್ರ ನಾ ಇಲ್ಲಿ ಕುಂತು ಬೆಲಿ ಕೇಳತಿದ್ದಿಲ್ಲ.”

ಅವತ್ತೇ ಬಂದೂಕನ್ನೂ ತೋಟಾವನ್ನೂ ಠಾಣೆಗೆ ಒಪ್ಪಿಸಿದೆವು. ಮುಂದೆ ಕಾಗದಪತ್ರ ಮುಗಿದು, ಪರವಾನಗಿಯಿದ್ದ ಅಂಗಡಿಯವರು ಸಾಹೇಬರು ಹೇಳಿದ ಬೆಲೆಗೇ ಕೊಂಡರು. ಠಾಣೆಗೆ ಕೊಟ್ಟ ರಾತ್ರಿಯೇ ಅಣ್ಣ ಊಟಕ್ಕೆ ನಮ್ಮ ಮನೆಗೆ ಬಂದ. ಅನು ರೊಟ್ಟಿ ಬಡಿಸುವಾಗ ಅವಳ ತಲೆ ಸವರಿದ. ಅವಳಿಗೆ ಏನೂ ಹೇಳಬಾರದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ನಗುತ್ತ ಒತ್ತಿದ ಒಂದು ಬೆರಳಿನ ಭಾರ ಆ ಹುಡುಗಿಗೆ ಜೀವನವಿಡೀ ಯಾಕೆ?

ಇದಾಗಿ ಮೂರು ವರ್ಷ. ಅನು ಈಗ ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಮುಚ್ಚಿಟ್ಟದ್ದು ತಪ್ಪೇನೋ ಎಂದು ಆಗಾಗ ಅನಿಸುತ್ತಿತ್ತು. ಇವತ್ತು ಸ್ಟಾಫ್ ರೂಮಿನಿಂದ ಎದ್ದು ಬಂದವಳು ಬೇವಿನ ಗಿಡದ ಕೆಳಗೆ ನಿಂತು ಅಣ್ಣನಿಗೆ ಫೋನ್ ಮಾಡಿದೆ.

“ಅಣ್ಣಾ, ಅನುಗ ಆ ಮಾತ ಹೇಳಿಬಿಡೂಣೇನು?”

ಆ ಕಡೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಅಣ್ಣ ಕೆಮ್ಮಿದ.

“ನಾ ಹೇಳೇನಿ. ಹ್ವಾದ ವರ್ಷ ಪಂಚಮಿಗೆ ಬಂದಾಗ, ಬಂದೂಕ ಯಾಕ ಮಾರಿದ್ರಿ ಮಾಮಾ ಅಂತ ಕೇಳಿದ್ಲು. ಆಕಿ ಮಾರಿ ನೋಡಿ ಸುಳ್ಳ ಹೇಳಾಕ ಆಗಲಿಲ್ಲ.”

“ಏನಂದ್ಲು?”

“ಭಾಳ ಅತ್ಲು. ನನ್ನ ಎದಿ ಮ್ಯಾಲ ಕೈ ಇಟ್ಕೊಂಡು ಭಾಳೊತ್ತು ಕುಂತ್ಲು. ಆಮ್ಯಾಲ ಎದ್ದು ಚಾ ಮಾಡಿಕೊಟ್ಲು. ಅವ್ವಗ ಹೇಳಬ್ಯಾಡ್ರಿ ಮಾಮಾ, ನನಗ ಗೊತ್ತಾಗೇತಿ ಅಂದ್ರ ಆಕಿ ಕೊರಗ್ತಾಳ ಅಂತ ಆಣಿ ಹಾಕ್ಸಿಕೊಂಡ್ಲು. ಈಗ ನೋಡು, ಅದನ್ನೂ ಮುರದೆ.”

ನಾನು ಕಾಪಾಡುತ್ತಿದ್ದೇನೆಂದುಕೊಂಡಿದ್ದ ಮಗಳು ಒಂದು ವರ್ಷದಿಂದ ನನ್ನನ್ನೇ ಕಾಪಾಡುತ್ತಿದ್ದಳು. ಅವಳು ಅತ್ತಿದ್ದಳು, ಚಹಾ ಮಾಡಿದ್ದಳು, ಪರೀಕ್ಷೆ ಬರೆದಿದ್ದಳು, ನನ್ನ ಜೊತೆ ನಗುತ್ತಲೇ ಇದ್ದಳು.

“ಅಳಾಕತ್ತಿ ಏನು?” ಎಂದು ಗದರಿದ ಅಣ್ಣ. “ಅಳಬ್ಯಾಡ. ಆದಿತ್ಯವಾರ ಆಕಿನ್ನ ಕರಕೊಂಡ ಬಾ. ನೀನs ಆಕಿ ಕೂಡ ಮಾತಾಡು. ಈಗ ಇಡ್ಲಾ? ಕಬ್ಬಿಗೆ ನೀರ ಬಿಟ್ಟೇನಿ, ಮಡಿ ತುಂಬಿ ಹರ್ಯಾಕತ್ತೈತಿ.”